ಹಲಸೂರು ಗೇಟು ಹಲಸೂರಿನಲ್ಲಿಲ್ಲ

ಚಿತ್ರದುರ್ಗದವರಿಗೆ ಕೋಟೆಯ ವಿಷಯದಲ್ಲಿ ಒಂದಿಷ್ಟು ಜಂಬ ಇರುತ್ತದೆ. ಏಳು ಸುತ್ತಿನ ಕಲ್ಲುಕೋಟೆಯ ಬುಡದಲ್ಲಿ ಹುಟ್ಟಿ, ಅದೇ ಊರಿನ ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಚಿತ್ರಕಲೆ ಕಲಿಸಿ ನಿವೃತ್ತನಾದ ನನಗೆ ಅದು ಸ್ವಲ್ಪ ಹೆಚ್ಚೇ ಇದೆ. ಹೆಂಡತಿಯ ತಮ್ಮ ಬೆಂಗಳೂರಿನ ಹನುಮಂತನಗರದಲ್ಲಿ ನೆಲೆಸಿ ಎಷ್ಟೋ ವರ್ಷವಾಯಿತು. ಅವನು ಊರಿಗೆ ಬಂದಾಗಲೆಲ್ಲ "ನಿಮ್ಮ ಕೆಂಪೇಗೌಡರ ಕೋಟೆ ಎಲ್ಲಪ್ಪಾ?" ಎಂದು ಕೆಣಕುತ್ತಿದ್ದೆ. ಕಳೆದ ದಸರೆಯಲ್ಲಿ ಅವನಿಗೆ ರೇಗಿತು. "ಮೂರು ದಿನ ಬಂದು ನಮ್ಮ ಮನೆಯಲ್ಲಿದ್ದು ನೀವೇ ಹುಡುಕಿಕೊಳ್ಳಿ ಭಾವ" ಎಂದ.

ಹುಡುಕಬೇಕಾದದ್ದು ಏನೆಂದು ಮೊದಲು ಹೇಳಿಬಿಡುತ್ತೇನೆ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಬೆಂಗಳೂರು ಪೇಟೆಗೆ ಸುತ್ತಲೂ ಮಣ್ಣಿನ ಗೋಡೆ, ಗೋಡೆಯಾಚೆ ಕಂದಕ, ಕಂದಕದ ಅಂಚಿನಲ್ಲಿ ಮುಳ್ಳುಬೇಲಿ ಇದ್ದವು. ಉತ್ತರಕ್ಕೆ ಯಲಹಂಕದ ಬಾಗಿಲು, ಪೂರ್ವಕ್ಕೆ ಹಲಸೂರಿನದು, ದಕ್ಷಿಣಕ್ಕೆ ಆನೇಕಲ್ಲಿನದು, ಪಶ್ಚಿಮಕ್ಕೆ ಸೊಂಡೆಕೊಪ್ಪದ್ದು. ನಮ್ಮ ಕಡೆ ಬಾಗಿಲಿಗೆ ಮನುಷ್ಯರ ಹೆಸರೂ ಇಡುತ್ತಾರೆ, ರಂಗಯ್ಯನ ಬಾಗಿಲು ಎಂದು. ಇಲ್ಲಿ ದಾರಿ ಯಾವ ಊರಿಗೆ ಹೋಗುತ್ತದೋ ಆ ಊರಿನ ಹೆಸರು. ವ್ಯಾಪಾರಿಗಳ ಊರಲ್ಲವೇ, ದಾರಿ ಮುಖ್ಯ.

1791ರಲ್ಲಿ ಬ್ರಿಟಿಷ್ ಸೇನೆಯವರು ಬರೆದ ಬೆಂಗಳೂರಿನ ನಕ್ಷೆಯೊಂದನ್ನು ನಮ್ಮೂರಿನ ಜೆರಾಕ್ಸ್ ಅಂಗಡಿಯಲ್ಲಿ ಬಣ್ಣದಲ್ಲಿ ಅಚ್ಚು ಹಾಕಿಸಿಕೊಂಡು, ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು ಹೊರಟೆ.

ಮೊದಲನೆಯ ದಿನ, ಶುಕ್ರವಾರ

ಬಸ್ಸು ನನ್ನನ್ನು ಇಳಿಸಿದ್ದು ಕೆರೆಯ ನಡುವೆ. ಮೆಜೆಸ್ಟಿಕ್ಕಿನ ಬಸ್ ನಿಲ್ದಾಣವಿರುವ ಜಾಗ ಹಿಂದೆ ಧರ್ಮಾಂಬುಧಿ ಕೆರೆ, ಪೇಟೆಗೆ ನೀರು ಕೊಡುತ್ತಿದ್ದ ಕೆರೆ. ಈಗ ಅಲ್ಲಿ ತುಂಬಿ ಹರಿಯುವುದು ಜನ ಮಾತ್ರ.

ಆಟೊ ಹತ್ತಿ "ಹಲಸೂರು ಗೇಟ್" ಎಂದೆ. ರಾತ್ರಿ ನಿದ್ದೆಯಿರಲಿಲ್ಲ, ಕೂತಲ್ಲೇ ತೂಕಡಿಸಿದೆ. ಕಣ್ಣು ಬಿಟ್ಟಾಗ ಆಟೊ ಒಂದು ಗೋಪುರದ ಮುಂದೆ ನಿಂತಿತ್ತು. "ಹಲಸೂರು, ಸಾರ್. ಗೇಟ್ ಎಂದರೆ ದೇವಸ್ಥಾನದ ಗೇಟ್ ತಾನೇ?" ಎಂದ ಚಾಲಕ. ಎದುರಿಗಿದ್ದದ್ದು ಸೋಮೇಶ್ವರ ದೇವಸ್ಥಾನ. ನನಗೆ ಬೇಕಾದ ಹಲಸೂರು ಗೇಟು ಅಲ್ಲಿಂದ ನಾಲ್ಕೈದು ಕಿಲೋಮೀಟರ್ ಹಿಂದೆ, ಕಾರ್ಪೊರೇಷನ್ ಕಚೇರಿಯ ಬಳಿ. ತಪ್ಪು ಚಾಲಕನದಲ್ಲ. ಹಲಸೂರಿಗೆ ಹೋಗುವ ಬಾಗಿಲನ್ನು ಹಲಸೂರಿನಲ್ಲೇ ಇದೆ ಎಂದುಕೊಂಡ, ಅಷ್ಟೆ. ನನ್ನಂತೆ ಹೋಗುವವರು ಆಟೊದವರಿಗೆ "ಕಾರ್ಪೊರೇಷನ್" ಎಂದು ಹೇಳುವುದು ಕ್ಷೇಮ.

ಬಂದದ್ದಾಯಿತು ಎಂದು ಸೋಮೇಶ್ವರನಿಗೆ ಕೈಮುಗಿದು, ಪಕ್ಕದ ಬೀದಿಯಲ್ಲಿ ಎರಡು ಇಡ್ಲಿ ತಿಂದು, ಕಾಫಿ ಕುಡಿದೆ. ಚಟ್ನಿಯಲ್ಲಿ ಹಸಿಮೆಣಸಿನಕಾಯಿ ಧಾರಾಳವಾಗಿತ್ತು, ನಿದ್ದೆ ಪೂರ್ತಿ ಬಿಟ್ಟಿತು. ಆಮೇಲೆ ಒಂದು ಹಟ ಹುಟ್ಟಿತು. ಹಲಸೂರಿನಿಂದ ಹಲಸೂರು ಬಾಗಿಲಿಗೆ ನಡೆದೇ ಹೋಗಬೇಕು, ಹಳೆಯ ಕಾಲದ ಹಳ್ಳಿಯವನು ಸಂತೆಗೆ ಹೋಗುವ ಹಾಗೆ. ಚಿತ್ತಾ ಮಳೆ ಹಿಂದಿನ ದಿನವೇ ಸುರಿದಿತ್ತಂತೆ. ಮರಗಳ ಕೆಳಗೆ ನಡೆದರೆ ಗಾಳಿ ಬಂದಾಗಲೆಲ್ಲ ತಲೆಯ ಮೇಲೆ ಹನಿ. ಮಹಾತ್ಮ ಗಾಂಧಿ ರಸ್ತೆ, ಕಸ್ತೂರ ಬಾ ರಸ್ತೆ ಹಿಡಿದು ಹಡ್ಸನ್ ವೃತ್ತ ತಲುಪುವ ಹೊತ್ತಿಗೆ ಒಂದೂವರೆ ಗಂಟೆಯಾಗಿತ್ತು, ಮೊಣಕಾಲು ಮಾತನಾಡತೊಡಗಿತ್ತು.

1791ರ ಮಾರ್ಚಿನಲ್ಲಿ ಟಿಪ್ಪುವಿನ ಮೇಲೆ ಯುದ್ಧಕ್ಕೆ ಬಂದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೇನೆಯೂ ಪೂರ್ವದಿಂದಲೇ ಬಂತು, ಕೋಲಾರ, ಹೊಸಕೋಟೆ ದಾಟಿಕೊಂಡು. 7ನೇ ತಾರೀಖು ಪೇಟೆಗೆ ನುಗ್ಗಿದ್ದು ಈ ಹಲಸೂರು ಬಾಗಿಲಿನಿಂದ. ಬಾಗಿಲು ಸುಲಭಕ್ಕೆ ಬಗ್ಗಲಿಲ್ಲ. ಫಿರಂಗಿ ತಂದು ಹೊಡೆದರು. ಮೂರ್‌ಹೌಸ್ ಎಂಬ ಲೆಫ್ಟಿನೆಂಟ್ ಕರ್ನಲ್ ಇಲ್ಲೇ ಗುಂಡು ತಗುಲಿ ಸತ್ತ. ಕೊನೆಗೆ ಕದದಲ್ಲಿ ಬಿದ್ದ ಕಿಂಡಿಯೊಳಗೆ ಮೊದಲು ತೂರಿಕೊಂಡವನು ಸಣ್ಣ ಮೈಕಟ್ಟಿನ ಒಬ್ಬ ಲೆಫ್ಟಿನೆಂಟ್. ಇದನ್ನು ಓದಿದಾಗ ನನಗೆ ನಮ್ಮೂರಿನ ಕಿಂಡಿ ನೆನಪಾಗದೆ ಇರಲಿಲ್ಲ. ಅಲ್ಲಿ ಒನಕೆ ಹಿಡಿದ ಓಬವ್ವ ಇದ್ದಳು. ಇಲ್ಲಿ ಯಾರೂ ಇರಲಿಲ್ಲವೇ ಎಂದು ಒಂದು ಕ್ಷಣ ದುರ್ಗದ ಜಂಬ ತಲೆಯೆತ್ತಿತು.

ಸತ್ತ ಬ್ರಿಟಿಷರ ನೆನಪಿಗೆ ಇಲ್ಲೊಂದು ಸ್ಮಾರಕ ಸ್ತಂಭವಿತ್ತು, ಅದರಿಂದಲೇ ಇಂದಿನ ನೃಪತುಂಗ ರಸ್ತೆಗೆ ಆಗ ಸೆನೊಟಾಫ್ ರಸ್ತೆ ಎಂದು ಹೆಸರು. 1964ರಲ್ಲಿ ಸ್ತಂಭವನ್ನು ಕೆಡವಿದರು. ಈಗ ಕಾರ್ಪೊರೇಷನ್ನಿನ ಎದುರು ಕೆಂಪೇಗೌಡರೇ ಕತ್ತಿ ಕಟ್ಟಿಕೊಂಡು ನಿಂತಿದ್ದಾರೆ. ಗೋಡೆಯೂ ಹೋಯಿತು, ಗೋಡೆ ಒಡೆದವರ ಕಂಬವೂ ಹೋಯಿತು. ನಡುವೆ ಬಸ್ಸುಗಳು ಸುತ್ತುತ್ತವೆ.

ಚಹಾದ ಗಾಡಿಯವನನ್ನು "ಇಲ್ಲಿ ಹಲಸೂರು ಗೇಟ್ ಎಲ್ಲಿತ್ತಪ್ಪಾ?" ಎಂದು ಕೇಳಿದೆ. ಅವನು ಪೊಲೀಸ್ ಠಾಣೆಯ ಕಡೆ ಬೆರಳು ತೋರಿಸಿ, "ಅದೇ. ಏನಾದರೂ ಕಳೆದಿದೆಯೇ?" ಎಂದ. ಹೌದೆಂದೆ. ಏನು ಎಂದು ಕೇಳಿದ. ಬಾಗಿಲು ಎಂದರೆ ನನ್ನನ್ನೇ ಒಂದು ಸಲ ಮೇಲಿಂದ ಕೆಳಗೆ ನೋಡಿ, ಚಹಾಕ್ಕೆ ಸಕ್ಕರೆ ಕಡಿಮೆ ಹಾಕಲೇ ಎಂದು ವಿಚಾರಿಸಿದ.

ಮಧ್ಯಾಹ್ನ ಕಬ್ಬನ್‌ಪೇಟೆಯ ಒಳಕ್ಕೆ ಸರಿದೆ. ರಸ್ತೆಯ ಗದ್ದಲ ಹಿಂದಾದ ಕೂಡಲೇ ಬೇರೊಂದು ಸದ್ದು: ಮಗ್ಗದ್ದು. ನೆಲಮನೆಯ ಕತ್ತಲಲ್ಲಿ ಎರಡು ಯಂತ್ರಮಗ್ಗ ಓಡುತ್ತಿದ್ದವು. ಹೊಸ್ತಿಲ ಮೇಲೆ ಕೂತಿದ್ದ ಹಿರಿಯರೊಬ್ಬರು ನನ್ನ ನಕ್ಷೆ ನೋಡಿ ಒಳಗೆ ಕರೆದರು, ಮಜ್ಜಿಗೆ ಕೊಟ್ಟರು. ಗೋಡೆಯನ್ನು ಅವರೂ ಕಂಡವರಲ್ಲ, ಅವರ ಅಜ್ಜನೂ ಕಂಡವರಲ್ಲ. ಹತ್ತೊಂಬತ್ತನೆಯ ಶತಮಾನ ಮುಗಿಯುವ ಮೊದಲೇ ಅದು ನೆಲಕ್ಕೆ ಬಿದ್ದು ಕಂದಕ ಮುಚ್ಚಿಹೋಗಿತ್ತು. "ಆದರೆ ನಮ್ಮ ಅಜ್ಜಿ ಶಿವಾಜಿನಗರದ ಕಡೆ ಹೋಗುವುದಿದ್ದರೆ ದಂಡಿಗೆ ಹೋಗಿ ಬರುತ್ತೇನೆ ಎನ್ನುತ್ತಿದ್ದರು. ಬೆಳಿಗ್ಗೆ ಹೋದರೆ ದೀಪ ಹಚ್ಚುವ ಮೊದಲು ಬಂದುಬಿಡಬೇಕು. ಯಾರು ಬಾಗಿಲು ಹಾಕುತ್ತಾರೆ ಎಂದು ಆ ಹೆದರಿಕೆಯೋ!" ಎಂದು ನಕ್ಕರು. ದಂಡು ಎಂದರೆ ಬ್ರಿಟಿಷ್ ಸೇನೆಯ ಬೀಡು, ಕಂಟೋನ್ಮೆಂಟ್. ಪೇಟೆ, ಕೋಟೆ, ದಂಡು: ಈ ಮೂರೂ ಆಗ ಮೂರು ಊರು.

ಅಲ್ಲಿಂದ ಹೊರಟವನು ಓಟಿಸಿ ರಸ್ತೆಯಲ್ಲಿ ದಾರಿ ತಪ್ಪಿದೆ. ಓಟಿಸಿ ಎಂದರೆ ಏನೆಂದು ಮೂವರನ್ನು ಕೇಳಿದೆ, ಮೂವರಿಗೂ ಗೊತ್ತಿಲ್ಲ. ನಾಲ್ಕನೆಯವರು, ಹಿತ್ತಾಳೆ ಪಾತ್ರೆ ಅಂಗಡಿಯವರು, "ಹಳೇ ತಾಲ್ಲೂಕು ಕಚೇರಿ, ಇಂಗ್ಲಿಷಿನಲ್ಲಿ ಮೊದಲ ಅಕ್ಷರಗಳು" ಎಂದು ಬಿಡಿಸಿದರು. ಈ ಊರು ತನ್ನ ನೆನಪುಗಳನ್ನು ಹೀಗೆ ಗಂಟು ಕಟ್ಟಿ ಅಟ್ಟದ ಮೇಲೆ ಎಸೆದಿರುತ್ತದೆ. ತಿಗಳರಪೇಟೆಯ ಧರ್ಮರಾಯನ ಗುಡಿಯಲ್ಲಿ ದೀಪಾರಾಧನೆ ನೋಡಿ, ಕಾಲೆಳೆಯುತ್ತ ಹನುಮಂತನಗರ ಸೇರಿದೆ.

"ಸಿಕ್ಕಿತೇ ಭಾವ?" ಎಂದ ಭಾವಮೈದ.

"ಪೊಲೀಸ್ ಠಾಣೆ ಸಿಕ್ಕಿತು" ಎಂದೆ.

ಎರಡನೆಯ ದಿನ, ಶನಿವಾರ

ಅವನಿಗೆ ರಜೆ, ಜೊತೆಗೆ ಬಂದ. ಬೆಳಿಗ್ಗೆಯೇ ಮೈಸೂರು ಬ್ಯಾಂಕ್ ವೃತ್ತದಲ್ಲಿ ಇಳಿದೆವು. ಆ ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದೊಳಗೆ ಸೇರಿಹೋಯಿತು, ವೃತ್ತ ಮಾತ್ರ ಹಳೆಯ ಹೆಸರು ಬಿಟ್ಟಿಲ್ಲ. ಯಲಹಂಕ ಬಾಗಿಲು ಇದ್ದದ್ದು ಈ ಆಸುಪಾಸಿನಲ್ಲಿ. ಶನಿವಾರವಾದ್ದರಿಂದ ಪಕ್ಕದ ಆಂಜನೇಯನ ಗುಡಿಯಲ್ಲಿ ಜನವೋ ಜನ. ಫಲಕ ಓದಿ ನಿಂತುಬಿಟ್ಟೆ: ಯಲಹಂಕ ಗೇಟ್ ಆಂಜನೇಯಸ್ವಾಮಿ.

ಬಾಗಿಲಿಗೊಬ್ಬ ಹನುಮಪ್ಪನನ್ನು ಕಾವಲು ಕೂರಿಸುವುದು ನಮ್ಮ ಕಡೆಯೂ ಇದೆ. ಬಾಗಿಲು ಕೆಡವುವಾಗ ಕಲ್ಲು ಸಾಗಿಸಬಹುದು, ಕದ ಮಾರಬಹುದು. ಕಾವಲುಗಾರನನ್ನು ಎಬ್ಬಿಸುವುದು ಹೇಗೆ? ಅವನಿಗೆ ನಿತ್ಯ ಪೂಜೆ, ಶನಿವಾರ ವಡೆಸರ. ಅರ್ಚಕರಿಗೆ ನನ್ನ ಸಂಶಯ ಹೇಳಿದೆ, ಕಾಯುವುದಕ್ಕೆ ಬಾಗಿಲೇ ಇಲ್ಲವಲ್ಲ ಎಂದು. ತೀರ್ಥ ಕೊಡುತ್ತಲೇ, "ಅವನಿಗೆ ಕೆಲಸ ಕಡಿಮೆಯಾಗಿಲ್ಲ ಸ್ವಾಮಿ, ಹೊರಗೆ ಸಿಗ್ನಲ್ ನೋಡಿ" ಎಂದರು.

ಇಲ್ಲಿಂದ ದಕ್ಷಿಣಕ್ಕೆ ಅವೆನ್ಯೂ ರಸ್ತೆ, ಅಂದರೆ ಹಳೆಯ ದೊಡ್ಡಪೇಟೆ. ಹತ್ತೂವರೆಗೆ ಮುಂಚೆ ನಡೆದರೆ ಅಂಗಡಿಗಳ ಶಟರು ಇನ್ನೂ ಇಳಿದಿರುತ್ತದೆ, ತಲೆಯೆತ್ತಿ ನೋಡಲು ಬಿಡುವಿರುತ್ತದೆ. ಮೇಲಿನ ಮಹಡಿಗಳಲ್ಲಿ ಅಲ್ಲೊಂದು ಇಲ್ಲೊಂದು ಮರದ ಕಂಬ, ಕಮಾನಿನ ಕಿಟಕಿ ಕಾಣುತ್ತವೆ. ಹತ್ತೂವರೆ ದಾಟಿತೋ, ಕೈಗಾಡಿಯ ಮೂಕಿ ಬೆನ್ನಿಗೆ ತಿವಿಯುವವರೆಗೆ ನೀವು ಎಲ್ಲಿದ್ದೀರಿ ಎಂದು ತಿಳಿಯುವುದಿಲ್ಲ. ದಾರಿಯಲ್ಲಿ ರೈಸ್ ಸ್ಮಾರಕ ಚರ್ಚ್ ಇದೆ. ಶಾಸನಗಳನ್ನು ಸಂಗ್ರಹಿಸಿದ ಬಿ. ಎಲ್. ರೈಸರ ತಂದೆ ಬೆಂಜಮಿನ್ ರೈಸರ ನೆನಪಿನದು. ಕನ್ನಡದ ಋಣವಿರುವ ಮನೆತನ ಎಂದು ಒಂದು ನಿಮಿಷ ನಿಂತೆವು.

ಹತ್ತು ನಿಮಿಷದ ನಡಿಗೆಗೆ ಚಿಕ್ಕಪೇಟೆಯ ಕೂಡುರಸ್ತೆ. ಕಥೆಯ ಪ್ರಕಾರ ಊರು ಹುಟ್ಟಿದ್ದು ಇಲ್ಲೇ. ಬಿಳಿ ಎತ್ತು ಕಟ್ಟಿದ ನಾಲ್ಕು ನೇಗಿಲು ಈ ಜಾಗದಿಂದ ನಾಲ್ಕು ದಿಕ್ಕಿಗೆ ಹೊರಟವು, ಎತ್ತು ನಿಂತಲ್ಲಿ ಬಾಗಿಲು ಎದ್ದಿತು. ನಿಂತು ನಾಲ್ಕೂ ದಿಕ್ಕು ನೋಡಿದೆ. ಎತ್ತು ಇರಲಿ, ನಾನೇ ಯಾವ ದಿಕ್ಕಿಗೂ ನಾಲ್ಕು ಹೆಜ್ಜೆ ನೇರ ನಡೆಯುವಂತಿರಲಿಲ್ಲ. ಸೀರೆ ಅಂಗಡಿಯ ಹುಡುಗರು ಇಬ್ಬರು ಎರಡು ಕೈ ಹಿಡಿದುಕೊಂಡು "ಒಳಗೆ ಬನ್ನಿ ಅಂಕಲ್" ಎನ್ನುತ್ತಿದ್ದರು. 1687ರಲ್ಲಿ ಊರನ್ನು ಹಿಡಿದ ಮೊಗಲರು ಅದನ್ನು ಚಿಕ್ಕದೇವರಾಜ ಒಡೆಯರಿಗೆ ಮೂರು ಲಕ್ಷ ರೂಪಾಯಿಗೆ ಬಿಟ್ಟುಕೊಟ್ಟರಂತೆ. ಭಾವಮೈದನಿಗೆ ಹೇಳಿದೆ. ಅವನು ಅಲ್ಲೇ ಇದ್ದ ಬೀಗದ ಗೂಡಂಗಡಿ ತೋರಿಸಿ, "ಈಗ ಇದರ ಪಗಡಿಗೂ ಸಾಲುವುದಿಲ್ಲ" ಎಂದ.

ಬಳೇಪೇಟೆಯ ಉಡುಪಿ ಶ್ರೀಕೃಷ್ಣ ಭವನದಲ್ಲಿ ಸಾಗು ಮಸಾಲೆ ದೋಸೆ. ಆಲೂಗಡ್ಡೆ ಪಲ್ಯದ ಬದಲು ಹಸಿರು ಸಾಗು, ಅಂಚು ಗರಿಗರಿ, ನಡು ಮೆತ್ತಗೆ. ಇನ್ನೊಂದು ಹೇಳೋಣ ಎಂದೆ. ಭಾವಮೈದ ಅಕ್ಕನಿಗೆ ಫೋನ್ ಮಾಡಿ ಹೇಳುತ್ತೇನೆ ಎಂದು ಹೆದರಿಸಿದ, ಸಕ್ಕರೆ ಕಾಯಿಲೆಯವರಿಗೆ ಬಂಧುಗಳಿಗಿಂತ ದೊಡ್ಡ ಶತ್ರುವಿಲ್ಲ. ಆ ಬೀದಿಯಲ್ಲಿ ತಂಬೂರಿ, ಮೃದಂಗ, ಹಾರ್ಮೋನಿಯಂ ಅಂಗಡಿಗಳು. ಒಬ್ಬ ಹುಡುಗ ತಬಲಕ್ಕೆ ಸುತ್ತಿಗೆಯಿಂದ ಶ್ರುತಿ ಕೂರಿಸುತ್ತಿದ್ದ. ಗೋಡೆ ಹುಡುಕುವುದು ಮರೆತು ಅರ್ಧ ಗಂಟೆ ನಿಂತೆವು.

ಸೊಂಡೆಕೊಪ್ಪದ ಬಾಗಿಲು ಹುಡುಕಿಕೊಂಡು ಪಶ್ಚಿಮಕ್ಕೆ, ಅಕ್ಕಿಪೇಟೆ, ಕಾಟನ್‌ಪೇಟೆಯ ಕಡೆ ನಡೆದೆವು. ಕಾಟನ್‌ಪೇಟೆ ಎಂದರೆ ಹಳೆಯ ಅರಳೇಪೇಟೆ. ಇಲ್ಲಿ ಮಸ್ತಾನ್ ಸಾಹೇಬರ ದರ್ಗಾ ಇದೆ. ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ಹೊರಟ ಕರಗ ಇಲ್ಲಿಗೆ ಬಂದೇ ಮುಂದೆ ಹೋಗಬೇಕು. ಪೇಟೆಯ ಪೂರ್ವದ ತುದಿಯಿಂದ ಪಶ್ಚಿಮದ ತುದಿಗೆ. ವರ್ಷಕ್ಕೊಂದು ಸಲ ಹೂವು ಹೊತ್ತವನೊಬ್ಬ ಊರಿನ ಅಳತೆ ತೆಗೆದು ಬರುತ್ತಾನೆ ಎಂದು ನನಗೆ ಅನಿಸಿತು.

ಅಲ್ಲಿಗೆ ಮಳೆ ಹಿಡಿಯಿತು. ಸಣ್ಣ ಮಳೆಯಲ್ಲ. ದರ್ಗಾದ ಎದುರಿನ ಹಾಸಿಗೆ ಅಂಗಡಿಯ ಜಗುಲಿಗೆ ಹತ್ತಿದೆವು. ಅಂಗಡಿಯವರು ಹತ್ತಿಯ ಮೂಟೆಯ ಮೇಲೆ ಕೂರಿಸಿದರು. ನಕ್ಷೆ ತೆಗೆದು ನೋಡುತ್ತೇನೆ, ಜೇಬೆಲ್ಲ ನೆನೆದು ಜೆರಾಕ್ಸಿನ ಬಣ್ಣ ಹರಿದುಹೋಗಿತ್ತು. ಕೋಟೆಯ ಭಾಗ ಉಳಿದಿತ್ತು, ಪೇಟೆಯ ಸುತ್ತಿನ ಗೋಡೆ ಪೂರ್ತಿ ಕಲಸಿ ಕಂದು ನೀರಾಗಿತ್ತು. ಭಾವಮೈದ ನಗಲು ಶುರು ಮಾಡಿದವನು ನಿಲ್ಲಿಸಲೇ ಇಲ್ಲ. ಅಂಗಡಿಯವರಿಗೆ ವಿಷಯ ಗೊತ್ತಾಗಿ, "ಮಣ್ಣಿನ ಗೋಡೆಯಲ್ಲವೇ, ಮಳೆಗೆ ಹೋಗಿದೆ. ಪ್ರತಿ ವರ್ಷ ಮೆತ್ತುವವರಿರಬೇಕು" ಎಂದರು. ಅವರ ಊರು ಮಾಗಡಿ ಕಡೆಯಂತೆ. ಸೊಂಡೆಕೊಪ್ಪ ಗೊತ್ತೇ ಎಂದರೆ, "ಗೊತ್ತಿಲ್ಲದೆ ಏನು, ನಮ್ಮ ಅತ್ತೆಯ ಮನೆ" ಎಂದರು. ಈ ಕಡೆ ಸೊಂಡೆಕೊಪ್ಪದ ಬಾಗಿಲು ಎಂದೊಂದಿತ್ತು ಎಂದು ಹೇಳಿದೆ. ಬಹಳ ಹೊತ್ತು ಯೋಚಿಸಿ, "ಹಾಗಾದರೆ ನಾನು ಸರಿಯಾದ ಜಾಗದಲ್ಲೇ ಅಂಗಡಿ ಇಟ್ಟಿದ್ದೇನೆ" ಎಂದರು. ಪಶ್ಚಿಮದ ಬಾಗಿಲಿನ ಗುರುತಾಗಿ ನನಗೆ ಸಿಕ್ಕವರು ಅವರೊಬ್ಬರೇ.

ಮೂರನೆಯ ದಿನ, ಭಾನುವಾರ

ಬೆಳಗಿನ ಐದಕ್ಕೆ ಕೃಷ್ಣರಾಜೇಂದ್ರ ಮಾರುಕಟ್ಟೆ. ಹೂವು ನೋಡುವುದಿದ್ದರೆ ಈ ಹೊತ್ತಿಗೇ ಹೋಗಬೇಕು, ಚಪ್ಪಲಿ ಹಳೆಯದಿರಬೇಕು. ಸೇವಂತಿಗೆ, ಚೆಂಡುಹೂವು, ಕನಕಾಂಬರ, ಕೆಳಗೆ ಕೊಳೆತ ಎಲೆಯ ಕೆಸರು. ಸುಗಂಧರಾಜದ ಹೊರೆ ಹೊತ್ತವನು "ದಾರಿ, ದಾರಿ" ಎಂದು ಕೂಗುತ್ತ ಬಂದರೆ ಬಾಗಿಲೂ ಇಲ್ಲದೆ ಗೋಡೆಯೂ ಇಲ್ಲದೆ ಜನ ತಾನೇ ಸೀಳಿಕೊಳ್ಳುತ್ತದೆ. ಇಲ್ಲಿ ಹಿಂದೆ ಸಿದ್ದಿಕಟ್ಟೆ ಎಂಬ ಕೆರೆಯಿತ್ತು. ಮಾರುಕಟ್ಟೆಯ ಒಂದು ಕಡೆ ಪೇಟೆ, ಇನ್ನೊಂದು ಕಡೆ ಕೋಟೆ.

ಕೋಟೆ ಎಂದೆನಲ್ಲ, ಅದು ಬೇರೆ. ಪೇಟೆಯ ದಕ್ಷಿಣಕ್ಕೆ ಅಂಟಿಕೊಂಡಂತೆ ಚಿಕ್ಕದೇವರಾಯರು ಕಟ್ಟಿಸಿದ್ದನ್ನು ಹೈದರಾಲಿ 1761ರಲ್ಲಿ ಕಲ್ಲಿನಲ್ಲಿ ಎಬ್ಬಿಸಿದ. ಇದೇ ಹೈದರಾಲಿ 1779ರಲ್ಲಿ ನಮ್ಮ ದುರ್ಗವನ್ನು ಹಿಡಿದವನು. ಹಾಗಾಗಿ ಈ ಕೋಟೆಯ ಮೇಲೆ ನನಗೆ ಹಳೆಯದೊಂದು ಲೆಕ್ಕ ಬಾಕಿ ಇದೆ.

ಆನೇಕಲ್ ಬಾಗಿಲಿನ ಕಥೆಯನ್ನು ಬೆಂಗಳೂರಿನವರೆಲ್ಲ ಬಲ್ಲರು. ಎಬ್ಬಿಸಿದಷ್ಟೂ ಸಲ ಬೀಳುತ್ತಿತ್ತಂತೆ. ಬಲಿ ಕೊಡಬೇಕು ಎಂದು ಜನ ಆಡಿಕೊಂಡರು. ಕೆಂಪೇಗೌಡರು ಒಪ್ಪಲಿಲ್ಲ. ತುಂಬು ಗರ್ಭಿಣಿ ಸೊಸೆ ಲಕ್ಷ್ಮೀದೇವಿ ಯಾರಿಗೂ ಹೇಳದೆ ರಾತ್ರಿ ಹೋಗಿ ತನ್ನನ್ನು ತಾನೇ ಕೊಟ್ಟುಕೊಂಡಳು. ಕೋರಮಂಗಲದಲ್ಲಿ ಅವಳ ಗುಡಿಯಿದೆ. ಕೆರೆಗೆ ಹಾರವಾದ ಭಾಗೀರಥಿಯ ಹಾಡು ಕೇಳಿ ಬೆಳೆದ ನಮಗೆ ಈ ಕಥೆ ಹೊಸದಲ್ಲ, ಆದರೂ ಪ್ರತಿ ಸಲ ಸಿಟ್ಟು ಬರುತ್ತದೆ. ಬಾಗಿಲು ಕಟ್ಟಿದ ಮೇಸ್ತ್ರಿಯನ್ನು ಯಾರೂ ಯಾಕೆ ಕೇಳಲಿಲ್ಲ? ಅವಳು ಜೀವ ಕೊಟ್ಟು ನಿಲ್ಲಿಸಿದ ಬಾಗಿಲನ್ನು ಆಮೇಲೆ ಯಾರೋ ಗುದ್ದಲಿಯಿಂದ ಕೆಡವಿದರು.

ಎಸ್. ಜೆ. ಪಿ. ರಸ್ತೆಯ ಕಡೆ ಭಾನುವಾರದ ಸಂತೆ ಹರಡಿತ್ತು. ಹಳೆಯ ಡ್ರಿಲ್ಲು, ಒಂಟಿ ಬೂಟು, ಮುಳ್ಳಿಲ್ಲದ ಗಡಿಯಾರ. ಹಿಂದಿನ ದಿನದ ಮಳೆಯ ನೀರು ಒಂದು ಪಕ್ಕ ಉದ್ದಕ್ಕೆ ನಿಂತಿತ್ತು. ಮೂಟೆ ಇಳಿಸಿ ಬೀಡಿ ಹಚ್ಚಿದ್ದ ಹಮಾಲರೊಬ್ಬರು ಅದನ್ನು ತೋರಿಸಿ, "ಎಷ್ಟು ಸಲ ರಸ್ತೆ ಮಾಡಿದರೂ ಈ ಪಟ್ಟೆಯಲ್ಲಿ ನೀರು ನಿಲ್ಲುತ್ತದೆ ಸಾಮಿ. ನೀರಿಗೆ ಇದು ತನ್ನ ಜಾಗ ಎಂದು ಗೊತ್ತು" ಎಂದರು. ಕಂದಕ ಎಂಬ ಮಾತು ನಾನು ಆಡಿರಲಿಲ್ಲ. ಚರಂಡಿ ಕಟ್ಟಿಕೊಂಡಿದೆ ಎಂದ ಭಾವಮೈದ. ಅವನು ಹೇಳಿದ್ದು ನಿಜವಿರಬಹುದು, ನಾನು ಹಮಾಲರ ಪಕ್ಷ.

ಟಿಪ್ಪುವಿನ ಅರಮನೆಯ ತೇಗದ ಕಂಬಗಳನ್ನು ಒಂದು ಸುತ್ತು ನೋಡಿಕೊಂಡು, ಕೋಟೆ ವೆಂಕಟರಮಣನಿಗೆ ಕೈಮುಗಿದು, ಕೃಷ್ಣರಾಜೇಂದ್ರ ರಸ್ತೆಯ ಬದಿಯಲ್ಲಿರುವ ಒಂದು ಕಲ್ಲನ್ನು ಹುಡುಕಿದೆವು. ಕೋಟೆಯ ಬುರುಜಿನ ತುಣುಕೊಂದಕ್ಕೆ ಕೂರಿಸಿದ ಫಲಕ. 1791ರ ಮಾರ್ಚ್ 21ರಂದು ಈ ಬಿರುಕಿನ ಮೂಲಕ ಬ್ರಿಟಿಷರು ನುಗ್ಗಿದರು ಎಂದು ಇಂಗ್ಲಿಷಿನಲ್ಲಿದೆ. ಆ ರಾತ್ರಿ ಕಿಲ್ಲೇದಾರ ಬಹಾದೂರ್ ಖಾನ್ ಹೋರಾಡುತ್ತ ಸತ್ತ, ಅವನ ಹೆಸರು ಅದರ ಮೇಲಿಲ್ಲ. ಮೂರು ದಿನ ಗೋಡೆ ಹುಡುಕಿದ್ದೇನೆ, ಗೋಡೆ ಇಲ್ಲಿತ್ತು ಎನ್ನುವ ಒಂದು ಕಲ್ಲೂ ಕಣ್ಣಿಗೆ ಬೀಳಲಿಲ್ಲ. ಗೋಡೆಯಲ್ಲಿ ಬಿದ್ದ ತೂತಿಗೆ ಕಲ್ಲು ನೆಟ್ಟಿದ್ದಾರೆ.

ಕೊನೆಗೆ ದೆಹಲಿ ಬಾಗಿಲು. ಪೇಟೆಯ ಕಡೆಗೆ ಮುಖ ಮಾಡಿದ ಕೋಟೆಯ ಬಾಗಿಲು, ಉಳಿದಿರುವುದು ಇದೊಂದೇ. ಮಾರುಕಟ್ಟೆಯ ಮೇಲ್ಸೇತುವೆಯ ಬದಿಯಲ್ಲಿ ಬಸ್ಸಿನಲ್ಲಿ ಹೋಗುವವರಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿಹೋಗುತ್ತದೆ. ಒಳಗೆ ಕಾಲಿಟ್ಟರೆ ಹಾರ್ನಿನ ಸದ್ದು ಅರ್ಧಕ್ಕೆ ಇಳಿಯಿತು. ದಪ್ಪ ಕಲ್ಲು, ಮೇಲೆ ಗಾರೆಯ ಕಮಾನು, ಆನೆಗೆ ಚುಚ್ಚಲು ಕಬ್ಬಿಣದ ಮೊಳೆ ಹೊಡೆದ ಎತ್ತರದ ಕದ. ಗೋಡೆಯೊಳಗೆ ಒಂದು ಪುಟ್ಟ ಗಣಪತಿ ಗುಡಿ. ಇಲ್ಲೂ ಕಾವಲಿಗೆ ಒಬ್ಬನಿದ್ದಾನೆ, ಇವನ ಬಾಗಿಲು ಪುಣ್ಯಕ್ಕೆ ಉಳಿದಿದೆ. ಕದದ ಮೇಲೆ ಕೈಯಿಟ್ಟೆ. ಮರ ತಣ್ಣಗಿತ್ತು. ಚೀಲದಿಂದ ಪುಸ್ತಕ ತೆಗೆದು ಚಿತ್ರ ಬರೆಯಲು ಕೂತೆ. ಭಾವಮೈದ ಕಲ್ಲಿನ ಕಟ್ಟೆಯ ಮೇಲೆ ಒರಗಿ ನಿದ್ದೆ ಹೋದ.

ಕಮಾನಿನ ಎಡಭಾಗ ಮುಗಿಯಿತು. ಬಲಭಾಗಕ್ಕೆ ನೆರಳು ತುಂಬುತ್ತಿದ್ದೆ. ಬಿಸಿಲು ಇಳಿದದ್ದು ತಿಳಿಯಲಿಲ್ಲ. ಕಾವಲಿನವರು ಹತ್ತಿರ ಬಂದು, ಚಿತ್ರವನ್ನು ಸ್ವಲ್ಪ ಹೊತ್ತು ನೋಡಿ, ಮೆಲ್ಲಗೆ ಹೇಳಿದರು:

"ಯಜಮಾನರೇ, ಏಳಿ. ಬಾಗಿಲು ಹಾಕುವ ಹೊತ್ತಾಯಿತು."

ಭಾವಮೈದನನ್ನು ಎಬ್ಬಿಸಿದೆ. ಹೊರಗೆ ಮತ್ತೆ ಹನಿಯುತ್ತಿತ್ತು. ಚಿತ್ರದ ಪುಸ್ತಕವನ್ನು ಈ ಸಲ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಅಂಗಿಯೊಳಗೆ ಇಟ್ಟುಕೊಂಡೆ.